ಎಳೆಯ ನಕ್ಷತ್ರಗಳ ಎಕ್ಸ್-ರೇ

ವಿಜಾಪುರ, ಡಿಸೆಂಬರ್ ೧೯೭೯

ಅಬ್ಬಾ,

ನೀವು ಹೋಗಿ ಮುಂದಿನ ತಿಂಗಳಿಗೆ ಎರಡು ವರ್ಷವಾಗುತ್ತದೆ. ಇವತ್ತು ಕಾಲೇಜಿನಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ನಾರಿಗೂ ಹೇಳಬೇಕೆನ್ನಿಸಲಿಲ್ಲ.

ಹುಟ್ಟಿ ಹೆಚ್ಚು ಕಾಲವಾಗದ ನಕ್ಷತ್ರಗಳು ನಮ್ಮ ಸೂರ್ಯನಿಗಿಂತ ಎಷ್ಟೋ ಪಟ್ಟು ಹೆಚ್ಚು ಎಕ್ಸ್-ರೇ ಹೊಮ್ಮಿಸುವುದನ್ನು ಉಪಗ್ರಹವೊಂದು ಕಂಡಿದೆಯಂತೆ. ಅದನ್ನು ಬಿ.ಎಸ್ಸಿ. ಹುಡುಗಿಯರಿಗೆ ಹೇಳುತ್ತಿದ್ದೆ. ನೀರು ತುಂಬಿಸಲು ಬಂದ ಕಾಶೀಬಾಯಿ ಬಾಗಿಲಲ್ಲೇ ನಿಂತು ಕೇಳಿದಳು.

“ಅಕ್ಕೋರ, ಎಕ್ಸ್-ರೇ ದವಾಖಾನ್ಯಾಗ ಇರ್ತಾವಲ್ರಿ? ಚಿಕ್ಕಿಗೆ ಹೆಂಗ ಬಂದೂವು?”

ಹುಡುಗಿಯರು ನಕ್ಕರು. ನಾನು ನಗಲಿಲ್ಲ.

“ಎಳೀ ಚಿಕ್ಕಿ ಭಾಳ ಜೋರ ತಿರಗತಾವ, ಕಾಶೀಬಾಯಿ. ಅದಕ್ಕ ಅವುಗಳ ಅಯಸ್ಕಾಂತದ ಬಲಾನೂ ಜೋರ. ಆ ಬಲಕ್ಕ ಮ್ಯಾಲಿನ ಗಾಳಿ ಕೋಟಿ ಡಿಗ್ರಿ ಕಾಯತೈತಿ. ಅಷ್ಟು ಕಾಯ್ದದ್ದು ಎಕ್ಸ್-ರೇ ಬಿಡತೈತಿ ಅಂತ ತಿಳದವರು ಅಂತಾರ.”

“ಹಂಗಾರ ತಿಳೀತು ಬಿಡ್ರಿ,” ಎಂದು ಕೊಡ ಎತ್ತಿಕೊಂಡು ಹೋದಳು.

ನನಗೆ ಪಾಠ ಮುಂದುವರಿಸಲಾಗಲಿಲ್ಲ.

ಮೂವತ್ತು ವರ್ಷ ದವಾಖಾನೆಯಲ್ಲಿ ಎಕ್ಸ್-ರೇ ತೆಗೆದವರು ನೀವು. ಮಂದಿಯ ಮಾತು ಕೇಳದೆ ನನ್ನನ್ನು ಧಾರವಾಡಕ್ಕೆ ಎಂ.ಎಸ್ಸಿ. ಓದಲು ಕಳಿಸಿದವರೂ ನೀವೇ. ನಿಮ್ಮ ಕೊನೆಯ ರಂಜಾನಿನಲ್ಲಿ, ಇಬ್ರಾಹಿಂಪುರದ ಮನೆಯಲ್ಲಿ, ಪೇಪರ್ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಿರಿ.

“ಜುಲೇಖಾ, ಚಿಕ್ಕಿಗಳಿಂದನೂ ಎಕ್ಸ್-ರೇ ಬರ್ತಾವಂತ. ಹೆಂಗವ್ವಾ?”

ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆ ಎತ್ತದೆ, “ಅದು ನಿಮಗ ತಿಳಿಯಂಗಿಲ್ಲ ಬಿಡ್ರಿ, ಅಬ್ಬಾ,” ಎಂದೆ.

ನೀವು ಸಿಟ್ಟಾಗಲಿಲ್ಲ. “ಖರೇ ಐತಿ,” ಎಂದು ಪೇಪರ್ ಮಡಚಿದಿರಿ. ನನ್ನ ಹಾಳೆಗಳ ಮೇಲೆ ಬೆಳಕು ಬೀಳಲೆಂದು ಕಿಟಕಿಯನ್ನು ಪೂರ್ತಿ ತೆರೆದು, ಸದ್ದಿಲ್ಲದೆ ಹೊರಗೆ ಹೋದಿರಿ.