ಹನ್ನೆರಡು ಗಿಡಗಳ ಹೆಸರು

ದೊಡ್ಡಬಳ್ಳಾಪುರ
14-8-1993

ಪ್ರೊ. ಉಮಾಶಂಕರ್ ಅವರಿಗೆ ನಮಸ್ಕಾರ.

ನಮ್ಮ ಸಸ್ಯಪಟ್ಟಿಯ ಎರಡನೇ ಮುದ್ರಣಕ್ಕೆ ನೀವು ಕೇಳಿದ್ದ ಹನ್ನೆರಡು ಗಿಡಗಳ ಸ್ಥಳೀಯ ಹೆಸರು ಸಿಗಲಿಲ್ಲ. ತೂಬಗೆರೆಯ ಪಾಪಕ್ಕನಿಗೆ ಒಂದೊಂದನ್ನೇ ತೋರಿಸಿದೆ. ಎಲ್ಲದಕ್ಕೂ "ಕಳೆ ಕಣಮ್ಮ, ಹೆಸ್ರಿಲ್ಲ" ಎಂದರು.

ಹಿಂದೆ ಮೊದಲ ಮುದ್ರಣಕ್ಕೆ ಹೆಸರುಗಳನ್ನೆಲ್ಲ ಹೇಳಿಕೊಟ್ಟವರು ಅವರೇ. ಉಪ್ಪಿನಕಾಯಿಗೆ ಮಾಕಳಿ ಬೇರನ್ನು ಅರ್ಧ ಮಾತ್ರ ಕೊಯ್ದು, ಉಳಿದರ್ಧಕ್ಕೆ ಮಣ್ಣು ಮುಚ್ಚುತ್ತಿದ್ದರು. "ಜಾಗ ಮಾತ್ರ ಬರ್ಕೋಬೇಡ" ಎಂದಿದ್ದರು. ಜಾಗ ಬರೆಯದಿದ್ದರೆ ದಾಖಲೆ ಅಪೂರ್ಣ ಎಂದಿರಿ ನೀವು. ಬಂಡೆಯ ಗುರುತು ಸಮೇತ ಬರೆದುಕೊಟ್ಟವಳು ನಾನು. ಅವರ ಮಾತಿಗಿಂತ ನಿಮ್ಮ ಮಾತು ನನಗೇಕೆ ದೊಡ್ಡದೆನಿಸಿತೋ! ವ್ಯಾಪಾರಿಗಳು ನಮ್ಮ ಪುಸ್ತಕ ಹಿಡಿದೇ ಬಂದು ಬೇರನ್ನೆಲ್ಲ ಅಗೆದು ಒಯ್ದರು.

ಜಾಗ ಹೇಳುವ ಆ ಸಾಲನ್ನು ತೆಗೆಯಿರಿ ಎಂದು ಈಗ ಕೇಳುವುದಿಲ್ಲ. ಅಲ್ಲಿ ಒಂದು ಬಳ್ಳಿಯೂ ಉಳಿದಿಲ್ಲ. ಈ ಹನ್ನೆರಡರ ಮುಂದೆ ಮಾತ್ರ "ಹೆಸರು ತಿಳಿದಿಲ್ಲ" ಎಂದು ಅಚ್ಚು ಮಾಡಿಸಬೇಡಿ. "ಕೇಳಿದೆವು, ಹೇಳಲಿಲ್ಲ" ಎಂದು ಹಾಕಿಸಿ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ನಿರ್ಮಲ