ಕೆಂಪು ಚೀಟಿಯ ಮೇಲಿನ ಸಹಿ

ರೊಟೊಟೂನ, ಹ್ಯಾಮಿಲ್ಟನ್
13 ಜುಲೈ 2006

ತೀರ್ಥರೂಪ ಅಪ್ಪನವರಿಗೆ ಮಾಲಿನಿಯ ನಮಸ್ಕಾರಗಳು.

ಇಲ್ಲಿ ಜುಲೈ ಅಂದರೆ ಚಳಿಗಾಲ, ಚಳಿ ಜೋರಾಗಿದೆ. ನನಗೆ ಗ್ಯಾಸ್ ಫಿಟ್ಟರ್ ಲೈಸೆನ್ಸ್ ಬಂದು ಮೂರು ವಾರವಾಯಿತು. ಸೋಮವಾರ ಮೊದಲ ಸಲ ಒಬ್ಬಳೇ ಕೆಲಸಕ್ಕೆ ಹೋದೆ.

ಆ ಮನೆಯಲ್ಲಿದ್ದವರು ಗ್ರೇಮ್ ಎಂಬ ವಯಸ್ಸಾದವರು. ಇಡೀ ಮನೆಯನ್ನು ಬೆಚ್ಚಗಿಡುವ ಅವರ ಗ್ಯಾಸ್ ಹೀಟರ್‌ಗೆ ಇಪ್ಪತ್ತೆರಡು ವರ್ಷ. "ಕ್ಲೀನ್ ಮಾಡಿ ಹೋಗಮ್ಮ, ಅಷ್ಟು ಸಾಕು" ಎಂದರು. ಬೆಳಿಗ್ಗೆ ಏಳುವಾಗ ತಲೆನೋವಿರುತ್ತದೆ, ಹೊರಗೆ ಅಡ್ಡಾಡಿದರೆ ಹೋಗುತ್ತದೆ ಎಂದೂ ಮಾತಿಗೆ ಹೇಳಿದರು. ನಾನು ಹೀಟರ್ ಹಚ್ಚಿ ನೋಡುತ್ತಾ ಕೂತೆ. ಫ್ಯಾನ್ ತಿರುಗಿದೊಡನೆ ನೀಲಿ ಉರಿ ಹಳದಿಯಾಗಿ ಅಲುಗಾಡಿತು. ಅಂದರೆ ಉರಿಯನ್ನೂ ಮನೆಗೆ ಹೋಗುವ ಗಾಳಿಯನ್ನೂ ಬೇರೆಯಾಗಿಡುವ ಒಳಗಿನ ತಗಡು ಬಿರುಕು ಬಿಟ್ಟು, ವಿಷದ ಹೊಗೆ ಮನೆಯೊಳಗೇ ಬರುತ್ತಿತ್ತು.

ಗ್ಯಾಸ್ ಮುಚ್ಚಿ, 'ಬಳಸಬಾರದು' ಎಂಬ ಕೆಂಪು ಚೀಟಿ ಕಟ್ಟಿ, ಕೆಳಗೆ ಸಹಿ ಹಾಕಿದೆ. ಅವರು ಸಿಟ್ಟಾಗಿ ನಮ್ಮ ಬಾಸ್‌ಗೆ ಫೋನ್ ಮಾಡಿದರು. ಬಾಸ್ ಅಂದದ್ದು ನನಗೂ ಕೇಳಿಸಿತು: "ಮಾಲಿನಿ ಮುಚ್ಚಿದ್ದನ್ನು ನಾನೂ ತೆರೆಯುವುದಿಲ್ಲ."

ನಿನ್ನೆ ನಾನೇ ಹೊಸ ಹೀಟರ್ ಕೂರಿಸಿದೆ. ಇವತ್ತು ಗ್ರೇಮ್ ಫೋನ್ ಮಾಡಿ, "ಹೀಟರ್ ಹಾಕಿಕೊಂಡೇ ಮಲಗಿದ್ದೆ. ತಲೆನೋವಿಲ್ಲ" ಎಂದಷ್ಟೇ ಹೇಳಿ ಫೋನ್ ಇಟ್ಟರು. ನನಗೆ ಅಷ್ಟೇ ಸಾಕಾಗಿತ್ತು.

ನಾನು ಆಫೀಸ್ ಕೆಲಸದಲ್ಲಿದ್ದೇನೆ ಎಂದು ನೀವು ಚಿಕ್ಕಪ್ಪನ ಹತ್ತಿರ ಹೇಳಿದಿರಂತೆ. ಅಮ್ಮ ತಿಳಿಸಿದಳು. ಬೇಸರವಿಲ್ಲ ಅಪ್ಪ. ಆದರೆ ಇನ್ನು ಯಾರಾದರೂ ಕೇಳಿದರೆ, ಹೀಟರ್ ರಿಪೇರಿ ಮಾಡುತ್ತಾಳೆ ಅನ್ನಿ. ಯಾವುದನ್ನು ರಿಪೇರಿ ಮಾಡಬಾರದು ಅನ್ನುವುದೂ ಅವಳಿಗೆ ಗೊತ್ತು ಅನ್ನಿ.

ನಿಮ್ಮ ಮಗಳು,
ಮಾಲಿನಿ