ಎಂಟೂ ದೀಪ ಹತ್ತಿದ್ದವು

1 ಜೂನ್ 2008, ಭಾನುವಾರ. ಓಝರ್

ಇಡ್ಲಿ ಆರು, ಚಹಾ ಎರಡು, ಆಮೇಲೆ ಕೇಬಲ್. ಹಾಲ್‌ನ ಹಳೆ ಕಂಪ್ಯೂಟರಿನಿಂದ ಒಳಕೋಣೆಯ ಹೊಸ ಲ್ಯಾಪ್‌ಟಾಪಿನವರೆಗೆ ಇಪ್ಪತ್ತು ಮೀಟರ್. ಎರಡೂ ತುದಿಗೆ ಎಂಟೆಂಟು ತಂತಿ ಸೇರಿಸಿ ಜ್ಯಾಕ್ ನಾನೇ ಒತ್ತಿದೆ. ಲ್ಯಾಪ್‌ಟಾಪಿನ ಪಕ್ಕ ತಂತಿಗಳನ್ನು ಕೂಡಿಸುವ ಡಬ್ಬಿ, ಹಬ್. ಹಬ್ ಬಂದ ದಿನವೇ ಹಬ್ಬ ಅಂದೆ. ಜ್ಯೋತ್ಸ್ನಾ ನಗಲಿಲ್ಲ. ಹದಿನೇಳು ವರ್ಷದ ಸಂಸಾರದಲ್ಲಿ ನನ್ನ ಇಂಥ ಮಾತಿಗೆ ಹೆಂಡತಿ ನಕ್ಕಿದ್ದು ಎರಡೇ ಸಲ. ಎರಡೂ ಸಲ ಮನೆಯಲ್ಲಿ ಅತಿಥಿಗಳಿದ್ದರು.

ಇಷ್ಟು ಅವಸರ ಯಾಕೆಂದರೆ... ಹದಿನಾರಕ್ಕೆ ಔರಂಗಾಬಾದಿನಲ್ಲಿ ಜಲಜಕ್ಕನ ಆಪರೇಶನ್. ಗಂಟಲು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುತ್ತಾರೆ. ಅಕ್ಕ ಬೇಸಿಗೆ ರಜೆಗೆ ಬಂದಾಗಲೆಲ್ಲ ನನ್ನ ಮಗಳು ಗಗನಾಗೆ ಮೈಕ್ ಹಿಡಿದು ಹೇಳಿದ ಕಥೆಗಳು ಈ ಹಳೆ ಪೆಟ್ಟಿಗೆಯಲ್ಲಿವೆ. ಐದು ಬೇಸಿಗೆ, ಎಂಬತ್ಮೂರು ಕಥೆ. ಬೇರೆಲ್ಲೂ ಇಲ್ಲ. ಪೆಟ್ಟಿಗೆಯೋ ಪೆನ್‌ಡ್ರೈವ್ ಗುರುತಿಸುವುದಿಲ್ಲ, ಸಿಡಿ ಬರೆಯುವುದಿಲ್ಲ. ಡಿಸ್ಕ್ ಹಲ್ಲು ಕಡಿಯುತ್ತಿದೆ.

ಅಕ್ಕ ಫೋನಿನಲ್ಲಿ, ಒಡೆದ ದನಿಯಲ್ಲಿ: "ದನಿ ಹ್ವಾದ ಮ್ಯಾಲ ಅವನ್ನ ಹಚ್ಚಿ ಕೇಳ್ತೀನೋ ರಘು. ಬಾಯಿ ಮುಚ್ಚಿಕೊಂಡು ಮಾತಾಡೂದು ಹೆಂಗಿರತದ ನೋಡೂಣು."

2 ಜೂನ್, ಸಂಜೆ

ಕಾಪಿ ಆಗುವುದು ಸೆಕೆಂಡಿಗೆ 140 ಕೆಬಿ. ಇರುವೆ ಸಕ್ಕರೆ ಸಾಗಿಸುವ ವೇಗ. ನಡುವೆ ಕಡಿಯುತ್ತದೆ. ಮತ್ತೆ ಮೊದಲಿನಿಂದ. ನೆಟ್‌ವರ್ಕ್ ಅಲ್ಲ ಇದು, ನೆಟ್ಟಗಿಲ್ಲದ ವರ್ಕ್.

ಅಕ್ಕನ ಫೋಲ್ಡರ್ ಇನ್ನೂ ಮುಟ್ಟಿಲ್ಲ. ನಮ್ಮ ವಿಮಾನ ಕಾರ್ಖಾನೆಯ ರೂಢಿ — ಅಸಲಿ ಭಾಗಕ್ಕೆ ಕೈ ಹಚ್ಚುವ ಮೊದಲು ಟ್ರಯಲ್ ಪೀಸ್. ಪ್ರಯೋಗಕ್ಕೆ ನನ್ನದೇ ಫೋಲ್ಡರ್. ಕನ್ನಡ ಸಂಘದ ಗಣೇಶೋತ್ಸವಕ್ಕೆ ಅಂತ ಮೈಕಿನಲ್ಲಿ ರೆಕಾರ್ಡ್ ಮಾಡಿದ ನಗೆಭಾಷಣಗಳು. ಕಳೆದುಹೋದರೆ ಲೋಕಕ್ಕೇ ಉಪಕಾರ.

4 ಜೂನ್

ಕಾಲೊನಿಯಲ್ಲಿ ಟೆಲಿಫೋನ್ ಕೇಬಲ್ ಹಾಕುವ ಅಮಸಿದ್ದ ಬಂದಿದ್ದ. ಇಂಡಿ ಕಡೆಯವನು, ಗುತ್ತಿಗೆ ಕೆಲಸ. ಜ್ಯೋತ್ಸ್ನಾ ನೀರು ಕೊಟ್ಟಳು, ನಾನು ಭಾಷಣ ಕೊಟ್ಟೆ. ಜ್ಯಾಕ್ ಕೈಗೆ ತಗೊಂಡು ಬೆಳಕಿಗೆ ಹಿಡಿದ.

"ಸಾಹೇಬ್ರ, ಇದು ತಪ್ಪೈತ್ರಿ. ಹಸರು ತಂತಿ ಜೋಡಿ ಮೂರನೇ ಪಿನ್ನಿಗೊಂದು ಆರನೇದಕ್ಕೊಂದು ಹೋಗಬೇಕ್ರಿ. ನಡುವ ನೀಲಿ ಬರಬೇಕು."

"ಗಂಡ ಹೆಂಡತಿ ನಡುವ ಬ್ಯಾರೆ ಜೋಡಿ ಕೂಡಸ್ತೀಯೇನೋ ಅಮಸಿದ್ದ? ನಮ್ಮ ಮನ್ಯಾಗ ಅಂಥಾದ್ದು ನಡ್ಯಾಂಗಿಲ್ಲ."

ನಕ್ಕ. ನಾನು ಟೆಸ್ಟರ್ ಹಚ್ಚಿ ತೋರಿಸಿದೆ. ಎಂಟು ತಂತಿ, ಎಂಟೂ ದೀಪ ಹತ್ತಿದವು. ಇಪ್ಪತ್ತು ವರ್ಷ ವಿಮಾನದ ವೈರಿಂಗ್ ತಪಾಸಣೆ ಮಾಡಿದ್ದೇನೆ. ಈ ತುದಿಯ ಒಂದು ಆ ತುದಿಯ ಒಂದಕ್ಕೆ ಮುಟ್ಟಿದರೆ ಪಾಸ್.

"ನಿಮಗ ಗೊತ್ತಿರತದ ಬಿಡ್ರಿ" ಅಂದ. ಹೋದ.

ಜ್ಯೋತ್ಸ್ನಾ: "ಆ ಡಿಸ್ಕ್ ಬಿಚ್ಚಿ ನಾಶಿಕಕ್ಕ ಒಯ್ಯಿರಿ. ಕಾಲೇಜ್ ರೋಡಿನ ಅಂಗಡ್ಯಾಗ ಒಂದ ತಾಸಿನ್ಯಾಗ ಕಾಪಿ ಮಾಡಿ ಕೊಡ್ತಾರಂತ."

ವಿಮಾನ ಹಾರಿಸುವವರು ನಾವು, ಅಂಗಡಿಗೆ ಹೋಗಬೇಕೇ — ಅಂದೆ. ಅಂದೆನಲ್ಲ.

7 ಜೂನ್

ಆ್ಯಂಟಿವೈರಸ್ ತೆಗೆದೆ. ಅದೇ ವೇಗ. ಕಾರ್ಡ್ ಬದಲಿಸಿದೆ. ಹಬ್ ಬದಲಿಸಿದೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತೆ ಹಾಕಿದೆ. ಎಲ್ಲ ಬದಲಿಸಿದೆ, ಕೇಬಲ್ ಒಂದು ಬಿಟ್ಟು. ಅದು ಪಾಸಾಗಿದೆಯಲ್ಲ.

10 ಜೂನ್

ನನ್ನ ನಗೆ ಫೋಲ್ಡರ್ ಪೂರ್ತಿ ಬಂತು! ನಾಲ್ಕು ಸಂಜೆ ಹಿಡಿಯಿತು. ನಾಳೆ ಅಕ್ಕನದು. ನಿಧಾನವಾದರೂ ಸರಿ, ಇನ್ನೂ ಆರು ದಿನ ಇದೆ.

11 ಜೂನ್, ಸಂಜೆ 7

ಮೊದಲ ಕಥೆ. ಮೂರು ಪರ್ಸೆಂಟ್. ಹಳೆ ಡಿಸ್ಕಿನೊಳಗೆ ಟಕ್. ಟಕ್. ಆಮೇಲೆ ಸದ್ದೇ ಇಲ್ಲ. ಪರದೆ ಕಪ್ಪು.

ಎಂಟಕ್ಕೆ ಅಕ್ಕನ ಫೋನ್. "ಬಂದ್ವೇನೋ?"

"ಎಲ್ಲಾ ಬಂದಾವ ಅಕ್ಕಾ" ಅಂದೆ.

ಯಾಕೆ ಹಾಗಂದೆ...

12 ಜೂನ್

ಡಿಸ್ಕ್ ಹಿಡಿದು ಕಾಲೇಜ್ ರೋಡಿಗೆ. ಅಂಗಡಿಯವನು ಕಿವಿಗೆ ಹಚ್ಚಿ ಅಲ್ಲಾಡಿಸಿದ. "ಪೆಹಲೇ ಲಾನಾ ಥಾ, ಸಾಬ್." ಮೊದಲೇ ತರಬೇಕಿತ್ತಂತೆ. ಸಿಗುತ್ತವೋ ಇಲ್ಲವೋ ಮಂಗಳವಾರ ಹೇಳುತ್ತಾನಂತೆ. ಆಪರೇಶನ್ ಸೋಮವಾರ.

ಜ್ಯೋತ್ಸ್ನಾ: "ಅಕ್ಕಾವ್ರಿಗೆ ಖರೇ ಹೇಳ್ರಿ."

ಮಂಗಳವಾರ ಸಿಕ್ಕರೆ ಸುಳ್ಳೇ ಖರೆಯಾಗುತ್ತದೆ ಅಂದೆ. ಆಕೆ ಎದ್ದು ಒಳಗೆ ಹೋದಳು.

15 ಜೂನ್, ಭಾನುವಾರ

ಅಕ್ಕನ ದನಿ ಇನ್ನೂ ಸಣ್ಣಗಾಗಿದೆ, ಆದರೆ ಇದೆ. "ಎಲ್ಲಾರ ಕೂಡ ಮಾತಾಡಿ ಮುಗಿಸಿದ್ನೋ. ಹೊತ್ತ ಹೋಗವಲ್ದು. ನೀನ ಏನರೆ ಹೇಳು."

ಹತ್ತು ನಿಮಿಷ ಜೋಕು ಹೇಳಿದೆ. ಅಕ್ಕ ನಕ್ಕಳು, ಕೆಮ್ಮಿದಳು. ಫೋನ್ ಇಟ್ಟಳು.

17 ಜೂನ್

ಅಂಗಡಿಯವನು ತಲೆ ಅಲ್ಲಾಡಿಸಿದ. ಏನೂ ಬರಲಿಲ್ಲ. ಹಳೆ ಪೆಟ್ಟಿಗೆಗೆ ಹೊಸ ಡಿಸ್ಕ್ ಕೊಟ್ಟ.

ಮನೆಗೆ ಬಂದು ಎರಡೂ ಜ್ಯಾಕ್ ಕತ್ತರಿಸಿದೆ. ಅಮಸಿದ್ದ ಹೇಳಿದಂತೆ ಒತ್ತಿದೆ. ಹಸಿರು ಮೂರಕ್ಕೆ, ಹಸಿರು ಆರಕ್ಕೆ, ನಡುವೆ ನೀಲಿ. ನನ್ನ ಫೋಲ್ಡರನ್ನೇ ಲ್ಯಾಪ್‌ಟಾಪಿನಿಂದ ವಾಪಸ್ ಕಳಿಸಿ ನೋಡಿದೆ.

ನಾಲ್ಕು ನಿಮಿಷ.

ಒಂದಕ್ಕೊಂದು ಹೆಣೆದ ತಂತಿಗಳೇ ಕೂಡಿ ಮಾತು ಒಯ್ಯಬೇಕಂತೆ. ನಾನು ಒಂದು ಜೋಡಿಯಿಂದ ಒಬ್ಬನನ್ನು, ಇನ್ನೊಂದರಿಂದ ಇನ್ನೊಬ್ಬನನ್ನು ತಂದು ಕೂಡಿಸಿದ್ದೆ. ಒಬ್ಬರ ಗಲಾಟೆ ಇನ್ನೊಬ್ಬರ ಕಿವಿಗೆ. ದೀಪ ಮಾತ್ರ ಎಂಟೂ ಹತ್ತುತ್ತವೆ. ತಂತಿ ತುಂಡಾಗಿಲ್ಲ ಅಂತ ಹೇಳುತ್ತವೆ, ಅಷ್ಟೇ.

ಅಮಸಿದ್ದನ ಕೆಲಸ ಮುಗಿದಿದೆ. ಬಿಡಕಿನ್ ಅನ್ನುವ ಊರಿನ ಕಡೆ ಹೋದನಂತೆ.

22 ಜೂನ್, ಭಾನುವಾರ. ಔರಂಗಾಬಾದ್

ಬಸ್ಸಿನ ಬೋರ್ಡಿನಲ್ಲಿ ಔರಂಗಾಬಾದ್, ಅದೇ ಊರು ಕಂಡಕ್ಟರನ ಬಾಯಲ್ಲಿ ಸಂಭಾಜಿನಗರ. ಬೇರೆ ದಿನವಾಗಿದ್ದರೆ ಇದರ ಮೇಲೆ ಅರ್ಧ ಪುಟ ಬರೆಯುತ್ತಿದ್ದೆ. ಗಗನಾ ಕಿಟಕಿ ಪಕ್ಕ. ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಅತ್ತೆ ಇನ್ನು ಯಾವತ್ತೂ ಮಾತಾಡೋದಿಲ್ಲವಾ ಅಂತ ಮರಾಠಿಯಲ್ಲೇ ಕೇಳಿದಳು. ಹೊರಗೆ ನೋಡಿದೆ.

ಅಕ್ಕ ಮಂಚದ ಮೇಲೆ ಕೂತಿದ್ದಳು. ಕೊರಳಿಗೆ ಬಿಳಿ ಪಟ್ಟಿ, ತೊಡೆಯ ಮೇಲೆ ಸ್ಲೇಟು. ನನ್ನ ಲ್ಯಾಪ್‌ಟಾಪ್ ಬ್ಯಾಗ್ ನೋಡಿ ಕಣ್ಣರಳಿಸಿದಳು. ಬರೆದಳು: ಹಚ್ಚು.

ಹೇಳಲಾಗಲಿಲ್ಲ. ಇದ್ದದ್ದು ನನ್ನ ನಗೆ ಫೋಲ್ಡರ್, ಅದನ್ನೇ ಹಚ್ಚಿದೆ. ನನ್ನ ದನಿ. ನನ್ನ ಜೋಕು, ಅದಕ್ಕೆ ನಾನೇ ನಕ್ಕದ್ದು. ಕೊನೆಗೆ ಹಿಂದಿನಿಂದ ಅಕ್ಕ, ದುಂಡನೆಯ ದನಿ: "ಸಾಕ್ ಬಿಡೋ ರಘು. ಮೈಕ್ ಇತ್ತಾಗ ಕೊಡು, ನಾ ಹೇಳ್ತೀನಿ."

ಅಲ್ಲಿಗೆ ಮುಗಿಯಿತು. ಆವತ್ತು ಬಟನ್ ಒತ್ತಿ ನಿಲ್ಲಿಸಿದ್ದು ನಾನೇ.

ಅಕ್ಕ ಕಾದಳು. ಬರೆದಳು: ಉಳಿದಾವೆಲ್ಲಿ?

ಹೇಳಿದೆ. ಎಲ್ಲ ಹೇಳಿದೆ. ಯಾವತ್ತು ಹೋದವು ಅಂತ ಬರೆದಳು. ಹನ್ನೊಂದಕ್ಕೆ ಅಂದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ಸರಿಸುತ್ತ ಎಣಿಸಿದಳು. ಆಮೇಲೆ ನಿಧಾನವಾಗಿ, ಪೂರ್ತಿ ಸ್ಲೇಟು ತುಂಬ:

ಐದ ದಿನ ಸುಮ್ಮನ ಕುಂತಿದ್ನೆಲ್ಲೋ. ಕಥಿ ಮತ್ತ ಹೇಳತಿದ್ದೆ.

ಗಗನಾ ಸ್ಲೇಟು ಒರೆಸಿಕೊಟ್ಟಳು. ನನ್ನ ಬಾಯಿಗೆ ಬಂದದ್ದು ಒಂದು ಜೋಕು. ನುಂಗಿದೆ. ಅಕ್ಕ ಬಳಪವನ್ನು ನನ್ನ ಕಡೆಗೆ ಚಾಚಿದಳು. ನಾನು ಬರೆದೆ: ಆವತ್ತ ಖರೇ ಹೇಳಬೇಕಿತ್ತ ಅಕ್ಕಾ.